ಮಳೆಗಾಲದ ಕಾಡಿಗೆ ಸದ್ದು ಮಾಡದ ರೇನ್‌ಕೋಟ್: ಬಿಲ್ಲುಬೇಟೆಗಾರರ ಸೂಟ್ ತರಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಬೆಳಗಾವಿಯಲ್ಲಿದ್ದೀರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾಂಬೋಟಿ, ಕಣಕುಂಬಿ ಕಡೆ ಹಕ್ಕಿ ಫೋಟೋ ತೆಗೆಯಲು ಹೋಗುತ್ತೀರಿ. ಕ್ಯಾಮೆರಾ ಎತ್ತಿದ ಕೂಡಲೇ ರೇನ್‌ಕೋಟ್ ಸರಬರ ಅಂದು ಹಕ್ಕಿ ಹಾರಿಹೋಗುತ್ತದೆ. ಅಮೆರಿಕದ ಬಿಲ್ಲುಬೇಟೆಗಾರರು ಹಾಕುವ 'ಸೈಲೆಂಟ್' ರೇನ್‌ಸೂಟ್ ತರಿಸಿದರೆ ಉಪಯೋಗ ಆದೀತಾ ಅಂತ ಕೇಳಿದ್ದೀರಿ.

ತರಿಸಬೇಡ್ರಿ. ಅವರ ಯುಕ್ತಿಯನ್ನಷ್ಟೇ ತಗೊಳ್ರಿ, ಬಟ್ಟೆ ಇಲ್ಲೇ ಹೊಂದಿಸಬಹುದು.

ಅವರ ಸಮಸ್ಯೆಯೂ ನಿಮ್ಮದೂ ಹೆಚ್ಚುಕಡಿಮೆ ಒಂದೇ. ಬಂದೂಕಿನವನು ದೂರದಿಂದಲೇ ಕೆಲಸ ಮುಗಿಸುತ್ತಾನೆ, ಬಿಲ್ಲಿನವನು 20-30 ಮೀಟರ್ ಹತ್ತಿರ ಜಿಂಕೆ ಬರುವತನಕ ಕೂತು, ಆಮೇಲೆ ಕೈ ಎತ್ತಿ ಹೆದೆ ಎಳೆಯಬೇಕು. ಎಳೆಯುವ ಆ ಒಂದು ಗಳಿಗೆಯಲ್ಲಿ ತೋಳು ಪಕ್ಕೆಗೆ ಉಜ್ಜಿ ಸದ್ದಾದರೆ ಬೆಳಗಿನಿಂದ ಕೂತದ್ದೆಲ್ಲ ದಂಡ. ನೀವು ಲೆನ್ಸ್ ಎತ್ತುವಾಗ ಆಗುವುದೂ ಅದೇ. ಆದರೆ ಅವರ ಮಳೆ ಬೇರೆ. ಅಲ್ಲಿ ಬೇಟೆಯ ಕಾಲ ಬಹುಪಾಲು ಶರತ್ಕಾಲ, ಹವೆ ತಣ್ಣಗೆ, ಸಂಜೆ ಮನೆಗೋ ಡೇರೆಗೋ ಹೋದರೆ ಬಟ್ಟೆ ಒಣಗಿಸಲು ಒಲೆಯೋ ಹೀಟರೋ ಇರುತ್ತದೆ. ಖಾನಾಪುರ ಕಾಡಂಚಿನಲ್ಲಿ ಜುಲೈ ತಿಂಗಳಲ್ಲಿ ಒದ್ದೆ ಮಾಡಿಕೊಂಡ ಟವೆಲ್ ಮೂರು ದಿನವಾದರೂ ಹಸಿ ಹಸಿಯೇ. ನಾನು ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಇದೇ, ನೂರಾರು ಡಾಲರ್ ಬೆಲೆ ಆಮೇಲಿನದು.

ಸದ್ದು ಎಲ್ಲಿಂದ ಬರುತ್ತದೆ ನೋಡ್ರಿ. ಸಾಮಾನ್ಯ ರೇನ್‌ಕೋಟಿನ ಹೊರಮೈ ಒತ್ತಾಗಿ ನೇಯ್ದ ನೈಲಾನ್ ಇಲ್ಲವೇ ಪಾಲಿಯೆಸ್ಟರ್. ಅದರ ಒಳಗೆ ನೀರು ತಡೆಯುವ ಪೊರೆ ಅಥವಾ ಲೇಪ. ಹಗುರ ಜಾಕೆಟ್‌ಗಳಲ್ಲಿ ಆ ಪೊರೆಯ ಮೇಲೆ ಬರೀ ಒಂದು ತೆಳು ಮುದ್ರಣ ಇರುತ್ತದೆ, ಇದನ್ನೇ 'ಎರಡೂವರೆ ಪದರ' ಅಂತ ಮಾರುವುದು. ಮಡಚಿದರೆ ಬಿಸ್ಕಿಟ್ ಪುಡಿಕೆ ಬಿಚ್ಚಿದ ಹಾಗೆ ಕೇಳಿಸುವುದು ಇವೇ. ಮೂರು ಪದರದವುಗಳಲ್ಲಿ ಪೊರೆಯ ಒಳಗಡೆ ಹೆಣಿಗೆಯ ಬಟ್ಟೆ ಅಂಟಿಸಿರುತ್ತಾರೆ, ಸದ್ದು ಒಂದಿಷ್ಟು ಕಡಿಮೆ. ಬಿಲ್ಲುಬೇಟೆಯ ಸೂಟಿನಲ್ಲಿ ಹೊರಮೈಯೂ ನೇಯ್ಗೆಯದಲ್ಲ, ಜುಂಗು ಎಬ್ಬಿಸಿದ ಹೆಣಿಗೆ ಬಟ್ಟೆ, ಹೆಚ್ಚುಕಡಿಮೆ ಸ್ವೆಟರಿನ ಮೈ. ಉಜ್ಜಿದರೆ ಸದ್ದೇ ಇಲ್ಲ.

ತೊಂದರೆ ಹುಟ್ಟುವುದೂ ಅಲ್ಲೇ. ಜುಂಗು ಅಂದರೆ ನೀರು ಕುಡಿಯುವ ಜಾಗ. ಹೊಸದರಲ್ಲಿ ಮೇಲಿನ ನೀರುನಿರೋಧಕ ರಾಸಾಯನಿಕದಿಂದ ಹನಿ ಮುತ್ತಿನಂತೆ ಜಾರಿಹೋಗುತ್ತದೆ. ನಾಲ್ಕಾರು ಸಲ ಕೊಳೆ, ಬೆವರು, ಮುಳ್ಳುಕಂಟಿ ತಾಗಿದ ಮೇಲೆ ಆ ಲೇಪ ಸೋಲುತ್ತದೆ, ಹೊರಮೈ ನೆನೆದು ಭಾರವಾಗುತ್ತದೆ. ಪೊರೆ ಒಳಗೆ ನೀರು ಬಿಡುವುದಿಲ್ಲ ನಿಜ, ಆದರೆ ಮೇಲೆ ನೀರಿನ ಹೊದಿಕೆ ಕೂತ ಮೇಲೆ ಬೆವರಿನ ಆವಿ ಹೊರಗೆ ಹೋಗುವ ದಾರಿಯೂ ಮುಚ್ಚುತ್ತದೆ. ಒಳಗೆ ಒದ್ದೆಯಾದಾಗ ಜನ 'ಸೋರುತ್ತಿದೆ' ಅಂತ ಬೈಯುತ್ತಾರೆ, ಬಹಳ ಸಲ ಅದು ಅವರದೇ ಬೆವರು. ನೀರು ಪೂರಾ ತಡೆಯುವ ಮೈ ಸದ್ದು ಮಾಡುತ್ತದೆ, ಸದ್ದು ಮಾಡದ ಮೈ ನೀರು ಕುಡಿಯುತ್ತದೆ. ಎರಡನ್ನೂ ಅಂಟಿಸಿ ಒಂದೇ ಬಟ್ಟೆ ಮಾಡಿದರೆ ನೆನೆದದ್ದನ್ನು ಬಿಚ್ಚಿ ಹಿಂಡಲು ಬರುವುದಿಲ್ಲ. ಬೇರೆ ಬೇರೆ ಇಟ್ಟರೆ ಬರುತ್ತದೆ.

ಹಾಗಾಗಿ ನೀರು ತಡೆಯುವುದು ಒಳಗೆ, ಮೆತ್ತಗಿನದು ಹೊರಗೆ. ಬಿಲ್ಲುಬೇಟೆಗಾರರಲ್ಲೂ ಅನುಭವಸ್ಥರು ತೆಳು ರೇನ್‌ಜಾಕೆಟ್ ಮೇಲೆ ಉಣ್ಣೆ ಅಂಗಿ ಇಲ್ಲವೇ ಫ್ಲೀಸ್ (ಜುಂಗು ಎಬ್ಬಿಸಿದ ಮೆತ್ತಗಿನ ಪಾಲಿಯೆಸ್ಟರ್ ಬಟ್ಟೆ) ತೊಡುವುದುಂಟು.

ಒಳಗಿನ ಜಾಕೆಟ್‌ಗೆ ನೀರಿನ ಒತ್ತಡದ ಅಳತೆ 10,000 ಮಿಲಿಮೀಟರ್ ಇರಲಿ. ಅಂದರೆ ಆ ಬಟ್ಟೆ 10 ಮೀಟರ್ ಎತ್ತರದ ನೀರಿನ ಕಂಬವನ್ನು ತಡೆಯಬಲ್ಲದು. ಸುಮ್ಮನೆ ಬೀಳುವ ಮಳೆಗೆ ಇಷ್ಟು ಬೇಕಿಲ್ಲ, ಬ್ಯಾಗಿನ ಪಟ್ಟಿ ಹೆಗಲು ಒತ್ತುವಲ್ಲಿ, ಹಸಿ ಬಂಡೆಗೆ ಒರಗಿ ಕೂತಲ್ಲಿ ಬೇಕಾಗುತ್ತದೆ. ಅಳತೆಗಿಂತ ಹೊಲಿಗೆ ಮುಖ್ಯ. ಜಾಕೆಟ್ ಒಳಗು ಹೊರಗು ಮಾಡಿ ಎಲ್ಲ ಹೊಲಿಗೆಯ ಮೇಲೂ ಟೇಪ್ ಇದೆಯಾ ನೋಡ್ರಿ. ಅಗ್ಗದವುಗಳಲ್ಲಿ ಹೆಗಲು, ಟೋಪಿಗೆ ಮಾತ್ರ ಟೇಪ್ ಹಾಕಿ ಕಂಕುಳ, ಜೇಬು ಬಿಟ್ಟಿರುತ್ತಾರೆ, ಸೋರುವುದು ಅಲ್ಲಿಂದಲೇ. ಕಂಕುಳಲ್ಲಿ ಜಿಪ್ ಇದ್ದರೆ ಅದನ್ನೇ ಆರಿಸ್ರಿ. 'ಉಸಿರಾಡುವ ಬಟ್ಟೆ' ಅಂತ ಹೆಚ್ಚು ದುಡ್ಡು ಕೊಡುವ ಅಗತ್ಯ ನಮ್ಮ ಮಳೆಗಾಲಕ್ಕಿಲ್ಲ. ಪೊರೆಯ ಮೂಲಕ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಹೊರಗೇ ಮೋಡ ನೆಲಕ್ಕೆ ಇಳಿದು ಕೂತಿರುವಾಗ ಹೋಗುವುದಾದರೂ ಎಲ್ಲಿಗೆ? ಗೋರ್‌ಟೆಕ್ಸ್‌ನಂಥ ಉಸಿರಾಡುವ ಪೊರೆ ಒಳ್ಳೆಯದೇ, ಆದರೆ ಕಣಕುಂಬಿಯ ಜುಲೈಯಲ್ಲಿ ಕಂಕುಳ ಜಿಪ್ ಮಾಡುವಷ್ಟು ಕೆಲಸ ಅದು ಮಾಡುವುದಿಲ್ಲ. ಹೆಣಿಗೆ ಬಟ್ಟೆಗೆ ಪಾಲಿಯುರೆಥೇನ್ ಲೇಪಿಸಿದ, ಹಿಗ್ಗುವ, ರಬ್ಬರಿನಷ್ಟು ಮೆತ್ತಗಿನ ಜಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹೆಲಿ ಹ್ಯಾನ್ಸನ್‌ನವರ ಇಂಪರ್‌ಟೆಕ್ ಈ ಜಾತಿಯದು. ಗಾಳಿ ಆಡುವುದಿಲ್ಲ, ಆದರೆ ಕರಕರ ಅನ್ನುವುದಿಲ್ಲ. ನಮ್ಮ ಹಳೇ ರಬ್ಬರ್ ಹಚ್ಚಿದ ಹತ್ತಿ ಬಟ್ಟೆಯ ಕೋಟೂ ತಕ್ಕಮಟ್ಟಿಗೆ ಸುಮ್ಮನಿರುತ್ತದೆ, ಭಾರ ಮಾತ್ರ ವಿಪರೀತ. ಗರಿಗರಿ ಪಿವಿಸಿ ಕೋಟನ್ನು ಸ್ಕೂಟರಿಗೆ ಇಟ್ಟುಕೊಳ್ರಿ.

ಹೊರಗಿನದಕ್ಕೆ ತೆಳು ಪಾಲಿಯೆಸ್ಟರ್ ಫ್ಲೀಸ್, 100ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ), ನಿಮ್ಮ ಅಳತೆಗಿಂತ ಎರಡು ಸೈಜ್ ದೊಡ್ಡದು. ಚಳಿಗಾಲ ಮುಗಿದ ಮೇಲೆ ಖಡೇಬಜಾರಿನಲ್ಲಿ ಗುಡ್ಡೆ ಹಾಕಿ ಮಾರುವಂಥದ್ದೇ ಸಾಕು. ದಪ್ಪದ್ದು ಬೇಡ, ಬೆಚ್ಚಗಿರಲು ಅಲ್ಲ ಇದು, ಸದ್ದು ನುಂಗಲು. ಹತ್ತಿಯದಂತೂ ಬೇಡವೇ ಬೇಡ, ನೆನೆದರೆ ಹಿಂಡಿದರೂ ಹಗುರಾಗುವುದಿಲ್ಲ. ದರ್ಜಿಯ ಹತ್ತಿರ ಮೂರು ಕೆಲಸ ಮಾಡಿಸ್ರಿ. ಟೋಪಿ, ಜೇಬು ತೆಗೆಸಿ. ಎರಡೂ ಕಂಕುಳಲ್ಲಿ ಒಂದೊಂದು ಗೇಣು ಹೊಲಿಗೆ ಬಿಚ್ಚಿಸಿ, ಒಳಗಿನ ಜಿಪ್‌ಗೆ ಕೈ ಸಿಗಬೇಕು. ತೋಳನ್ನು ಒಳಗಿನ ಜಾಕೆಟ್ ತೋಳಿಗಿಂತ ಎರಡು ಇಂಚು ಗಿಡ್ಡ ಮಾಡಿಸಿ. ಈ ಮೂರನೆಯದನ್ನು ಮರೆತರೆ ನೆನೆದ ಫ್ಲೀಸ್ ಬತ್ತಿಯ ಹಾಗೆ ನೀರನ್ನು ಎಳೆದು ಮುಂಗೈಯಿಂದ ಒಳಗೆ ದಾಟಿಸುತ್ತದೆ, ಮೊಣಕೈತನಕ ತೊಪ್ಪೆ. ಫ್ಲೀಸಿನ ಚೂರುಗಳನ್ನು ನೇರವಾಗಿ ರೇನ್‌ಕೋಟಿಗೇ ಹೊಲಿಸುವ ಬುದ್ಧಿ ಮಾತ್ರ ಮಾಡಬೇಡ್ರಿ, ಸೂಜಿ ಚುಚ್ಚಿದಲ್ಲೆಲ್ಲ ಸೋರುತ್ತದೆ.

ಉಣ್ಣೆಯ ಮಾತು ಬಂದರೆ ನಮ್ಮ ಕಡೆ ಕಂಬಳಿ ಕೊಪ್ಪೆ ಇದೆಯಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಸದ್ದಂತೂ ಸೊನ್ನೆ. ದಖನಿ ಕುರಿಯ ಒರಟು ಉಣ್ಣೆ, ಒತ್ತಾದ ನೇಯ್ಗೆ, ನೂಲಿಗೆ ಹುಣಸೆಬೀಜದ ಗಂಜಿ. ಒಂದೇ ಕಡೆ ಕೂತು ಕಾಯುವವರಿಗೆ ಇದಕ್ಕಿಂತ ಒಳ್ಳೆಯದು ಅಮೆರಿಕದಲ್ಲೂ ಇಲ್ಲ. ಗಂಜಿ ಬಿಗಿ ಇರುವ ಹೊಸ ಕಂಬಳಿ ನೀರಿಗೆ ಬಿದ್ದಾಗ ಒಂದಿಷ್ಟು ಅಂಟಂಟು, ವಾಸನೆ ಇರುತ್ತದೆ, ಬಳಸುತ್ತ ಹೋಗುತ್ತದೆ. ನಡೆದಾಡುವವರಿಗೆ ಮಾತ್ರ ಕೊಪ್ಪೆ ಆಗದು: ಪೂರ್ತಿ ನೆನೆದ ಮೇಲೆ ಭಾರ ಹೆಗಲಿಗೆ ಬೀಳುತ್ತದೆ, ಕೈ ಎತ್ತಿದರೆ ಜಾರುತ್ತದೆ. ಕೂತಾಗ ರೇನ್‌ಕೋಟಿನ ಮೇಲೆ ಹೊದ್ದುಕೊಳ್ರಿ, ಎದ್ದಾಗ ಸುತ್ತಿ ಇಡ್ರಿ.

ಈಗ ಹೆಚ್ಚಿನವರು ಗಮನಿಸದ ಒಂದು ಸಂಗತಿ. ಧೋ ಅಂತ ಸುರಿಯುವಾಗ ನೀವು ತಗಡಿನ ಅಂಗಿ ತೊಟ್ಟರೂ ಹಕ್ಕಿಗೆ ಕೇಳಿಸದು, ಆಗ ಬೆಳಕೂ ಇರುವುದಿಲ್ಲ. ಸದ್ದಿನ ಪ್ರಶ್ನೆ ಏಳುವುದು ಜಿಟಿಜಿಟಿ ಮಳೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಮಳೆ ನಿಂತ ಮೇಲಿನ ಅರ್ಧ ಗಂಟೆಯಲ್ಲಿ. ಹಕ್ಕಿಗಳು ಹೊರಬಂದು ಗರಿ ಕೊಡವುವುದು, ಹುಳ ಹಿಡಿಯುವುದು, ಮಲಬಾರ್ ವಿಸ್ಲಿಂಗ್ ಥ್ರಶ್ ಹಳ್ಳದ ಬಂಡೆ ಮೇಲೆ ಕೂತು ಸಿಳ್ಳೆ ಹಾಕುವುದು ಆಗಲೇ. ಹಕ್ಕಿಯ ಕಿವಿ ಚುರುಕಾಗಿರುವುದು ಸುಮಾರು 1ರಿಂದ 5 ಕಿಲೋಹರ್ಟ್ಸ್ ನಡುವೆ, ಬಟ್ಟೆಯ ಸರಬರದ ಒಂದು ದೊಡ್ಡ ಪಾಲು ಆ ವ್ಯಾಪ್ತಿಯಲ್ಲೇ ಇರುತ್ತದೆ. ಆದ್ದರಿಂದ ಕೋಟನ್ನು ಒಣಗಿದಾಗ ಅಲ್ಲ, ಒದ್ದೆ ಮಾಡಿ ಪರೀಕ್ಷಿಸ್ರಿ. ಮಳೆ ನಿಂತಾಗ ಬಿಚ್ಚಲೂಬೇಡ್ರಿ. ವೆಲ್ಕ್ರೋ ಹರಿಯುವ ಒಂದು ಸದ್ದು ಹತ್ತು ಸರಬರಕ್ಕೆ ಸಮ. ಮುಂಗೈ ವೆಲ್ಕ್ರೋ ಮನೆಯಲ್ಲೇ ಸರಿಹೊಂದಿಸಿ ಅಂಟಿಸಿಬಿಡ್ರಿ, ಉಳಿದ ಕಡೆ ಮೆತ್ತಗಿನ ಪಟ್ಟಿಯ ಚೂರು ಹಚ್ಚಿ ಬಾಯಿ ಮುಚ್ಚಿಸ್ರಿ. ಜಿಪ್ಪಿನ ಲೋಹದ ನಾಲಿಗೆ ಕಿತ್ತು ಲಾಡಿಯ ಕುಣಿಕೆ ಹಾಕಿ, ಹಲ್ಲಿಗೆ ಮೇಣದಬತ್ತಿ ಉಜ್ಜಿರಿ.

ಎಲ್ಲಕ್ಕಿಂತ ಹೆಚ್ಚು ಗದ್ದಲ ಮಾಡುವುದು ಪ್ಯಾಂಟ್, ತೊಡೆಗೆ ತೊಡೆ ತಾಗಿ ಹೆಜ್ಜೆಗೊಮ್ಮೆ ಸರ್ ಸರ್. ರೇನ್‌ಪ್ಯಾಂಟನ್ನೇ ಬಿಟ್ಟುಬಿಡುವುದು ನನ್ನ ಸಲಹೆ. ಬೇಗ ಒಣಗುವ ಪಾಲಿಯೆಸ್ಟರ್ ಪ್ಯಾಂಟ್, ಕೆಳಗೆ ಗಮ್‌ಬೂಟ್, ಮೇಲೆ ಮಂಡಿ ಮುಟ್ಟುವಷ್ಟು ಉದ್ದದ ನೀರುನಿರೋಧಕ ಬಟ್ಟೆಯನ್ನು ಲುಂಗಿಯ ಹಾಗೆ ಸುತ್ತಿಕೊಳ್ರಿ. ನೋಡಿದವರು ನಕ್ಕಾರು, ಪರವಾಗಿಲ್ಲ. ತೊಡೆ ಉಜ್ಜುವುದಿಲ್ಲ, ಗಾಳಿ ಆಡುತ್ತದೆ, ಕೂತಾಗ ನೆಲಕ್ಕೂ ಹಾಸಿಗೆ. ಚೋರ್ಲಾ ಘಾಟಿನ ಗಾಳಿಯಲ್ಲಿ ಮಾತ್ರ ಪಟಪಟ ಹೊಡೆದುಕೊಳ್ಳುತ್ತದೆ, ಪೊಂಚೋಗೂ ಅದೇ ರೋಗ, ಅಂಚಿಗೆ ಗುಂಡಿ ಹಚ್ಚಿರಿ. ಗಮ್‌ಬೂಟಿನ ಬಾಯಿ ಸಡಿಲ ಇದ್ದರೆ ಮೀನಖಂಡಕ್ಕೆ ಬಡಿದು ಢಬ್ ಢಬ್ ಅನ್ನುತ್ತದೆ. ದಪ್ಪ ಉಣ್ಣೆ ಕಾಲುಚೀಲ ಹಾಕಿ, ಬಾಯಿಗೊಂದು ಪಟ್ಟಿ ಬಿಗಿದರೆ ಸರಿ. ಜಿಗಣಿಗೂ ಅದೇ ಅಡ್ಡಿ.

ರೇನ್‌ಕೋಟಿನ ಟೋಪಿಯ ಸರಸರ ಹಕ್ಕಿಗೆ ಕೇಳುವುದಕ್ಕಿಂತ ನಿಮಗೇ ಹೆಚ್ಚು ಕೇಳುತ್ತದೆ, ಅದರಿಂದ ನಷ್ಟವೂ ಹೆಚ್ಚು. ಆ ಹಸಿರಿನಲ್ಲಿ ಹಕ್ಕಿ ಸಿಗುವುದು ಕಿವಿಯಿಂದ ತಾನೆ. ಒಳಗೆ ಅಂಚಿರುವ ಕ್ಯಾಪ್ ಹಾಕಿ, ಟೋಪಿಯ ಹಿಂದಿನ ಲಾಡಿ ಎಳೆದರೆ ತಲೆಯ ಜೊತೆ ಅದೂ ತಿರುಗುತ್ತದೆ. ಮಳೆ ಸಣ್ಣದಾದರೆ ಕೋಟಿನ ಟೋಪಿ ಹಿಂದಕ್ಕೆ ಸರಿಸಿ ಉಣ್ಣೆಯ ಟೋಪಿ ಹಾಕ್ರಿ. ಬ್ಯಾಗಿನ ರೇನ್‌ಕವರ್ ಮಹಾ ವಾಚಾಳಿ, ಅದನ್ನು ಮನೆಯಲ್ಲಿಟ್ಟು ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಡ್ರಿ. ಲೆನ್ಸಿನ ಪ್ಲಾಸ್ಟಿಕ್ ಕವರಿನ ಮೇಲೂ ಫ್ಲೀಸಿನ ಕೊಳವೆ ಒಂದು ಹೊಲಿಸಿ ಏರಿಸ್ರಿ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಉಗುರಿನಿಂದ ಬಟ್ಟೆ ಗೀರಿ, ಕಿವಿಯ ಹತ್ತಿರ ಮಡಚಿ ನೋಡಿ. ಆಮೇಲೆ ತೊಟ್ಟು ಕುಕ್ಕರಗಾಲಲ್ಲಿ ಕೂತು, ಕ್ಯಾಮೆರಾ ಎತ್ತುವ ಹಾಗೆ ಕೈ ಎತ್ತಿ, ಎರಡು ಮೀಟರ್ ದೂರ ಮೊಬೈಲ್ ಇಟ್ಟು ರೆಕಾರ್ಡ್ ಮಾಡ್ರಿ. ಅಂಗಡಿಯ ಗದ್ದಲದಲ್ಲಿ ಎಲ್ಲ ಕೋಟೂ ಸುಮ್ಮನೇ ಇರುವ ಹಾಗೆ ಅನಿಸುತ್ತದೆ, ಮನೆಗೆ ಬಂದು ಕೇಳಿದರೆ ಗೊತ್ತಾಗುತ್ತದೆ, ಹಾಗಾಗಿ ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಖರೀದಿಸಿ. ಡೆಕಾಥ್ಲಾನ್‌ನ ಸೊಲೊನ್ಯಾಕ್ ಬ್ರಾಂಡ್ ಮೂಲತಃ ಬೇಟೆಯ ಬಟ್ಟೆಗಳದ್ದು, ಅದನ್ನೂ ಒಮ್ಮೆ ಮುಟ್ಟಿ ನೋಡಬಹುದು. ಸೋರಿಕೆಗೆ: ಒಳಗೆ ಬೂದುಬಣ್ಣದ ಹತ್ತಿ ಬನಿಯನ್ ಹಾಕಿಕೊಂಡು ಹತ್ತು ನಿಮಿಷ ಶವರ್ ಕೆಳಗೆ ನಿಲ್ರಿ. ನೆನೆದ ಜಾಗ ಕಪ್ಪಾಗಿ ಕಾಣುತ್ತದೆ.

ಬಣ್ಣ ಮಣ್ಣಿನದೋ ಪಾಚಿಯದೋ ಯಾವುದಾದರೂ ಸರಿ. ಸೇನೆಯ ಕ್ಯಾಂಪ್ ಇರುವ ಊರು ನಮ್ಮದು, ಮಿಲಿಟರಿ ಚುಕ್ಕಿ ಬಟ್ಟೆ ಕಣ್ಣಿಗೆ ಬೀಳುತ್ತದೆ, ಅದನ್ನು ಮಾತ್ರ ಕೊಳ್ಳಬೇಡ್ರಿ. 2022ರಲ್ಲಿ ಬಂದ ಸೇನೆಯ ಹೊಸ ವಿನ್ಯಾಸದ ಹಕ್ಕು ಸೇನೆಯದೇ. ಅಂದಹಾಗೆ ಬಿಲ್ಲು ಹಿಡಿಯುವ ಆಸೆ ಯಾರಿಗಾದರೂ ಇದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ಬಿಲ್ಲು, ಬಂದೂಕು, ಉರುಲು ಎಲ್ಲ ಒಂದೇ. ಭೀಮಗಡ ಅಭಯಾರಣ್ಯದ ಒಳಗಾದರೆ ಕ್ಯಾಮೆರಾ ಹಿಡಿದು ಹೋಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಕಾಳಜಿಯ ವಿಷಯ. ಫ್ಲೀಸನ್ನು ಗಂಟೆಗೊಮ್ಮೆ ಬಿಚ್ಚಿ ಹಿಂಡ್ರಿ, ಹಕ್ಕಿ ಕೂತ ಮರದಿಂದ ದೂರ ಬಂದ ಮೇಲೆ. ರೇನ್‌ಜಾಕೆಟ್ಟಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ನೀರುನಿರೋಧಕ ಲೇಪ ಹೋದಂತೆಯೇ. ಬಟ್ಟೆ ಹೊಳೆಯಿಸುವ ಸೋಪಿನ ಪುಡಿಯೂ ಬೇಡ, ಅದರ ಹೊಳಪುಕಾರಕ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಮಿನುಗುತ್ತದೆ, ಆ ಮಿನುಗು ಹಕ್ಕಿಯ ಕಣ್ಣಿಗೆ ಬೀಳುತ್ತದೆ. ತೆಳು ದ್ರವ ಸೋಪಿನಲ್ಲಿ ತೊಳೆದು ಎರಡು ಸಲ ಜಾಲಾಡಿ. ಹನಿ ಜಾರದಿದ್ದರೆ, ಲೇಬಲ್ಲಿನಲ್ಲಿ ಇಸ್ತ್ರಿಗೆ ಒಪ್ಪಿಗೆ ಇದ್ದರೆ ಮಾತ್ರ, ಮೇಲೆ ಬಟ್ಟೆ ಹಾಸಿ ಕಡಿಮೆ ಕಾವಿನಲ್ಲಿ ಆಡಿಸಿ, ಲೇಪ ಮತ್ತೆ ಏಳುತ್ತದೆ. ಸೀಸನ್ ಮುಗಿದ ಮೇಲೆ ಹಸಿಯಾಗಿ ಮಡಚಿ ಟ್ರಂಕಿನಲ್ಲಿ ಇಟ್ಟರೆ ಪಾಲಿಯುರೆಥೇನ್ ಲೇಪ ಅಂಟಂಟಾಗಿ, ಹುಳಿ ವಾಸನೆ ಬಂದು ಸುಲಿಯುತ್ತದೆ. ಹ್ಯಾಂಗರಿಗೆ ಹಾಕಿ ನೆರಳಲ್ಲಿ ತೂಗುಬಿಡ್ರಿ, ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಬೇಡ, ಏಪ್ರಿಲ್ ಬಿಸಿಲಿಗೆ ಹೊಲಿಗೆಯ ಟೇಪ್ ಬಿಟ್ಟುಕೊಳ್ಳುತ್ತದೆ.