ಜ್ವರ ಬಂದು ಮಲಗಿದರೂ ತಪ್ಪು ಮಾಡಿದ ಹಾಗೆ ಅನಿಸುವುದು ಯಾಕೆ?

ಅಪ್ಪ ಅಮ್ಮ ಹೊಡೆದವರಲ್ಲ, ಬೈದವರಲ್ಲ, ಸುಮ್ನೆ ದೂರ ಇದ್ದರು, ಆದರೂ ಜ್ವರದಲ್ಲಿ ಮಲಗಿದರೆ ನನಗೇಕೆ ತಪ್ಪು ಅನಿಸುತ್ತದೆ ಅಂತ ಕೇಳಿದ್ದೀರಿ. ಹೊಡೆಯದಿದ್ದರೆ ನೋವೇ ಆಗಲಿಲ್ಲ ಅಂತಲ್ಲ, ಅಲ್ವಾ? ಅತ್ತಾಗ ಯಾರೂ ಹತ್ತಿರ ಬರದಿದ್ದರೆ ಮಗು ದೊಡ್ಡವರನ್ನು ದೂರುವುದಿಲ್ಲ. ನಾನು ಕೇಳುವುದೇ ಜಾಸ್ತಿ ಆಯಿತೇನೋ ಅಂದುಕೊಂಡು ಅಳುವುದನ್ನೇ ನಿಲ್ಲಿಸಿಬಿಡುತ್ತದೆ. ದೊಡ್ಡವರಾದ ಮೇಲೂ ಅದೇ ಉಳಿದು, ಜ್ವರದಲ್ಲಿ ಮಲಗುವುದೂ ಜಾಸ್ತಿ ಕೇಳಿದ ಹಾಗೆ ಅನಿಸಬಹುದು. ನಾನೂ ಅಂಥ ಮನೆಯಲ್ಲೇ ಬೆಳೆದವಳು.

ನನಗೆ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಅಭ್ಯಾಸ. ದಿನಕ್ಕೆ ಎರಡು ಮೂರು ಸಲ ನಿಂತು, ಈಗ ಏನನಿಸುತ್ತಿದೆ ಅಂತ ಕೇಳಿಕೊಂಡು ಅದಕ್ಕೊಂದು ಹೆಸರು ಕೊಡಿ. ಬೇಜಾರು, ಸಿಟ್ಟು, ಸುಸ್ತು, ಯಾವುದಾದರೂ ಸರಿ. 2007ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ದರು. ಚಿತ್ರದಲ್ಲಿದ್ದ ಮುಖದ ಭಾವನೆಗೆ ಹೆಸರಿಟ್ಟಾಗ, ಭಯಕ್ಕೆ ಸ್ಪಂದಿಸುವ ಅಮಿಗ್ಡಲಾ ಎಂಬ ಮೆದುಳಿನ ಭಾಗ ಸ್ವಲ್ಪ ಶಾಂತವಾಗಿತ್ತು. ಮೊದಮೊದಲು ಏನೂ ಹೊಳೆಯುವುದಿಲ್ಲ. ‘ಗೊತ್ತಾಗುತ್ತಿಲ್ಲ’ ಅಂತಲೇ ಬರೆದುಕೊಳ್ಳಿ, ಅದೂ ಉತ್ತರವೇ.

ಇನ್ನು ಜ್ವರ ಬಂದಾಗ ದಯವಿಟ್ಟು ಮಲಗಿ. ತಪ್ಪು ಅನಿಸುತ್ತಿರುವಾಗಲೇ ಮಲಗಿ. ಆ ಭಾವನೆ ಹೋದ ಮೇಲೆ ವಿಶ್ರಾಂತಿ ಅಂತ ಕಾದರೆ ಆ ದಿನ ಬರುವುದೇ ಇಲ್ಲ. ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಮಾತ್ರ ತಡ ಮಾಡದೆ ಒಬ್ಬ ಆಪ್ತಸಮಾಲೋಚಕರನ್ನು ಕಾಣಿ.