ಪೆಪಾದಲ್ಲಿ (ಒಂದು ವ್ಯವಸ್ಥೆ ಎಷ್ಟು ವೇಗವಾಗಿ ನಡೆಯುತ್ತದೆ ಅಂತ ಲೆಕ್ಕ ಹಾಕಲು ಮಾಡೆಲ್ ಬರೆಯುವ ಭಾಷೆ) ಬರೆದ 20 ಕ್ಲೈಂಟ್‌ಗಳ ಮಾಡೆಲ್ ಮೆಮೊರಿಗೆ ಹಿಡಿಸುತ್ತಿಲ್ಲ. ರ‍್ಯಾಮ್ ಹಾಕಿಸಲೇ, ಮಾಡೆಲ್ ಬದಲಿಸಲೇ?

ರ‍್ಯಾಮ್‌ಗೆ ದುಡ್ಡು ಹಾಕಬೇಡಿ. ಮಾಡೆಲ್ ಬದಲಿಸಿದರೆ ಉತ್ತರ ಸುಳ್ಳಾಗುತ್ತದೆ ಅಂತ ನಿಮಗೆ ಭಯ ಅಲ್ವಾ? ಸರಿಯಾಗಿ ಬದಲಿಸಿದರೆ ಒಂದಿಷ್ಟೂ ಸುಳ್ಳಾಗುವುದಿಲ್ಲ.

ನೀವು ಬರೆದಿರುವಂತೆ ಪ್ರತಿ ಕ್ಲೈಂಟ್‌ಗೆ 3 ಸ್ಥಿತಿ: ಯೋಚನೆ, ಸರ್ವರ್‌ಗಾಗಿ ಕಾಯುವುದು, ಉತ್ತರ ಓದುವುದು. ಸರ್ವರ್‌ಗೆ 2: ಸಿದ್ಧ, ಲಾಗ್ ಬರೆಯುವುದು. ಯಾವ ಕ್ಲೈಂಟ್ ಯಾವ ಸ್ಥಿತಿಯಲ್ಲಿದೆ ಅನ್ನುವ ಒಂದೊಂದು ಜೋಡಣೆಯನ್ನೂ ಮಾಡೆಲ್ ಬೇರೆ ಸ್ಥಿತಿ ಅಂತಲೇ ಎಣಿಸುತ್ತದೆ. ಹಾಗಾಗಿ 20 ಮೂರುಗಳನ್ನು ಒಂದಕ್ಕೊಂದು ಗುಣಿಸಿ, ಆಮೇಲೆ 2ರಿಂದ ಗುಣಿಸಿ. ಸುಮಾರು 697 ಕೋಟಿ ಸ್ಥಿತಿಗಳು. ಒಂದೊಂದರ ಸಂಭವನೀಯತೆಗೆ 8 ಬೈಟ್ ಅಂದರೂ ಅದಕ್ಕೇ 56 ಜಿಬಿ ಬೇಕು. 21ನೇ ಕ್ಲೈಂಟ್ ಬಂದರೆ ಅದರ ಮೂರು ಪಟ್ಟು.

ನಾನು ಮಂಡ್ಯ ಕಡೆಯವನು. ಚಿಕ್ಕವನಿದ್ದಾಗ ಅಪ್ಪನ ಜೊತೆ ಕಬ್ಬಿನ ಗಾಡಿ ಮೇಲೆ ಕೂತು ಫ್ಯಾಕ್ಟರಿ ವೇಬ್ರಿಡ್ಜ್ ಮುಂದೆ ರಾತ್ರಿಯೆಲ್ಲ ಕಾದಿದ್ದೇನೆ. ಅಲ್ಲಿ ಯಾರೂ ಮುಂದಿನ ಗಾಡಿಗಳು ಯಾರವು ಅಂತ ಕೇಳುತ್ತಿರಲಿಲ್ಲ. ‘ಅಣ್ಣಾ, ಮುಂದೆ ಎಷ್ಟ್ ಗಾಡಿ ಅವೆ?’ ಅಷ್ಟೇ. ನಮ್ಮ ಸರದಿ ಎಷ್ಟು ಹೊತ್ತಿಗೆ ಅನ್ನುವುದಕ್ಕೆ ಆ ಎಣಿಕೆ ಸಾಕಿತ್ತು.

ನಿಮ್ಮ ಮಾಡೆಲ್‌ಗೂ ಅಷ್ಟೇ ಸಾಕು. ಯಾವ ಕ್ಲೈಂಟ್ ಎಲ್ಲಿದೆ ಅನ್ನುವುದನ್ನು ಬಿಡಿ, ಯಾವ ಸ್ಥಿತಿಯಲ್ಲಿ ಎಷ್ಟು ಕ್ಲೈಂಟ್‌ಗಳಿವೆ ಅಂತ ಎಣಿಸಿ. 20ನ್ನು 3 ಗುಂಪಿಗೆ ಹಂಚುವ ಬಗೆಗಳು 231, ಸರ್ವರ್ ಸೇರಿ 462. 697 ಕೋಟಿ ಎಲ್ಲಿ, 462 ಎಲ್ಲಿ! ಇದು ಅಂದಾಜಲ್ಲ. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಜೇನ್ ಹಿಲ್‌ಸ್ಟನ್ 1994ರಲ್ಲಿ ಪಿಎಚ್‌ಡಿ ಪ್ರಬಂಧದಲ್ಲಿ ಪೆಪಾ ಮುಂದಿಟ್ಟಾಗಲೇ, ಒಂದೇ ಥರ ನಡೆಯುವ ಸ್ಥಿತಿಗಳನ್ನು ಹೀಗೆ ಒಟ್ಟು ಮಾಡಬಹುದು ಅಂತ ತೋರಿಸಿದ್ದರು. ಒಂದು ಕ್ಲೈಂಟ್ ಮಾತ್ರ ನಿಧಾನ ಅಂದರೆ ಅದನ್ನು ಬೇರೆ ಇಟ್ಟು ಉಳಿದ 19ನ್ನು ಎಣಿಸಿ. ಆಗಲೂ 1,260 ಸ್ಥಿತಿ ಮಾತ್ರ.

ಡಿಫರೆನ್ಷಿಯಲ್ ಸಮೀಕರಣಕ್ಕೆ ಬದಲಿಸುವ ದಾರಿಯನ್ನೂ ಕೇಳಿದ್ದೀರಿ. ಹಿಲ್‌ಸ್ಟನ್ ಅವರೇ 2005ರಲ್ಲಿ ಕೊಟ್ಟದ್ದು ಅದು. ಸಾವಿರಾರು ಕ್ಲೈಂಟ್‌ಗಳು, ಹತ್ತಾರು ಸರ್ವರ್‌ಗಳು ಇದ್ದಾಗ ತುಂಬಾ ಚೆನ್ನ. ನಿಮಗಿರುವುದು ಒಂದೇ ಸರ್ವರ್. ಅದರಿಂದ ಬರುವುದು ಸರಾಸರಿಯ ಅಂದಾಜು ಮಾತ್ರ. ಈಗ ಬೇಡ.

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಪೆಪಾದಿಂದ ಪ್ರಿಸಂಗೆ (ಇಂಥ ಮಾಡೆಲ್‌ಗಳನ್ನು ಲೆಕ್ಕ ಹಾಕುವ ಇನ್ನೊಂದು ಟೂಲ್) ಮಾಡೆಲ್ ಸಾಗಿಸುವಾಗ ನಾನೇ ಎಡವಿ, ಮೈಸೂರಿನ ಹಾಸ್ಟೆಲ್ ರೂಮಿನಲ್ಲಿ ಒಂದು ವಾರ ಒದ್ದಾಡಿದೆ. ಇಬ್ಬರು ಸೇರಿ ಮಾಡುವ ಕೆಲಸಕ್ಕೆ ಪೆಪಾದಲ್ಲಿ ನಿಧಾನದವರ ವೇಗವೇ ಲೆಕ್ಕ. ಕ್ಲೈಂಟ್ 4, ಸರ್ವರ್ 5 ಅಂದರೆ 4. ಪ್ರಿಸಂ ಎರಡನ್ನೂ ಗುಣಿಸಿ 20 ಮಾಡುತ್ತದೆ. ಟೂಲ್ ತಪ್ಪು ಅನ್ನುವುದಿಲ್ಲ, ಸುಮ್ನೆ ಉತ್ತರ ಕೊಡುತ್ತದೆ. ನನ್ನ ಸರ್ವರ್ ತನ್ನ ಕೈಲಾಗುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿರುವುದನ್ನು ನೋಡಿದ ಮೇಲೇ ನನಗೆ ಗೊತ್ತಾಗಿದ್ದು.

ಎಣಿಕೆಯ ಮಾಡೆಲ್‌ನಲ್ಲಿ ಕಾಯುವವರು ಇಬ್ಬರಿದ್ದರೆ ಕ್ಲೈಂಟ್ ಕಡೆಯ ಒಟ್ಟು ವೇಗ 8, ಸರ್ವರ್ ಕಡೆ 5. ಹಾಗಾಗಿ 5. ಪ್ರಿಸಂನಲ್ಲಿ ಕ್ಲೈಂಟ್‌ಗಳಿಗೊಂದು, ಸರ್ವರ್‌ಗೊಂದು ಮಾಡ್ಯೂಲ್ (ಮಾಡೆಲ್‌ನ ಒಂದು ಭಾಗ) ಇರುತ್ತದೆ. ಎರಡರಲ್ಲಿ ಚಿಕ್ಕದನ್ನು ಆರಿಸುವ ಸೂತ್ರವನ್ನು ಒಂದು ಮಾಡ್ಯೂಲ್‌ನಲ್ಲಿ ಬರೆದು, ಗುಣಿಸಿದರೂ ಬದಲಾಗದಂತೆ ಇನ್ನೊಂದರಲ್ಲಿ 1 ಅಂತ ಇಡಿ. ಯೋಚಿಸುವವರ ವೇಗವನ್ನು ಅವರ ಸಂಖ್ಯೆಯಿಂದ ಗುಣಿಸುವುದನ್ನೂ ಮರೆಯಬೇಡಿ.

ಮೊದಲು 2 ಕ್ಲೈಂಟ್‌ಗೆ ಎರಡೂ ಮಾಡೆಲ್ ಓಡಿಸಿ: ಹಳೆಯದರಲ್ಲಿ 18 ಸ್ಥಿತಿ, ಹೊಸದರಲ್ಲಿ 12. ಸರ್ವರ್ ಎಷ್ಟು ಹೊತ್ತು ಲಾಗ್ ಬರೆಯುತ್ತಿರುತ್ತದೆ ಅನ್ನುವ ಪಾಲು ಎರಡರಲ್ಲೂ ಒಂದೇ ಬರಬೇಕು. ಬಂದರೆ 20ಕ್ಕೆ ಹೋಗಿ. ಬರದಿದ್ದರೆ ಆ ವೇಗದ ಸಾಲುಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.