ಮೊದಲು ಬಂದವರ ಮರ

ತಮ್ಮಾ, ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಆರು ತಿಂಗಳಾಯ್ತು, ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗಬೇಕು, ಸರ್ಕಾರಿ ಕಾಡಿನಲ್ಲಿ ಬೇರೆ ಬೇಟೆಗಾರರ ನಡುವೆ ಹೇಗಿರಬೇಕು ಅಂತ ಕೇಳಿದ್ದೀಯ. ಮಡಿಕೇರಿ ಕಡೆಯವನು ಅಂತ ಓದಿ ಖುಷಿಯಾಯ್ತು.

ಕಾನೂನು ಬೇಗ ಹೇಳಿ ಮುಗಿಸ್ತೇನೆ. ನಮ್ಮ ಕೊಡಗಿನಲ್ಲಿ ಕೊಡವರ ಮನೆಯಲ್ಲಿ ಲೈಸೆನ್ಸ್ ಇಲ್ಲದೆಯೂ ಕೋವಿ ಇರುತ್ತೆ. ಇಲ್ಲಿ ಎಚ್-1ಬಿ ಕೆಲಸದ ವೀಸಾದವರು ಕೋವಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಅದನ್ನು ಮೊದಲು ಮಾಡಿಸು. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಸುರಕ್ಷತೆಯ ಕೋರ್ಸ್ ಕಡ್ಡಾಯ. ಕೋವಿ ಸೀಸನ್ ಒಂಬತ್ತು ದಿನ, ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರು. ಸೊಂಟದಿಂದ ಮೇಲಿನ ಬಟ್ಟೆಯಲ್ಲಿ ಅರ್ಧವಾದರೂ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಲೇಬೇಕು.

ಇನ್ನು ನಡವಳಿಕೆ. ನಮ್ಮ ಅಜ್ಜಂದಿರ ಬೇಟೆ ಊರೆಲ್ಲ ಸೇರಿ ಆಗುತ್ತಿತ್ತು, ಗೊತ್ತಲ್ವಾ. ಕೆಲವರು ಕಾಡು ಸೋವಿ ಪ್ರಾಣಿ ಎಬ್ಬಿಸುವವರು, ಕೆಲವರು ಬಿಲ್ಲಿಗೆ ನಿಲ್ಲುವವರು, ಅಂದರೆ ಕೋವಿ ಹಿಡಿದು ದಾರಿ ಕಾಯುವವರು, ಕೊನೆಗೆ ಎಲ್ಲರಿಗೂ ಪಾಲು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಅದೆಲ್ಲ ಮಾತಿನಲ್ಲೇ ಉಳಿಯಿತು. ನಾನು ಗುರಿ ಇಟ್ಟದ್ದು ಆಯುಧ ಪೂಜಿಸುವ ನಮ್ಮ ಕೈಲ್ ಮುಹೂರ್ತ ಹಬ್ಬದ ತೆಂಗಿನಕಾಯಿಗೆ ಮಾತ್ರ.

1998ರಲ್ಲಿ ಇಲ್ಲಿನ ಉತ್ತರ ಭಾಗದ ಶೆವಾಮೆಗನ್ ಸರ್ಕಾರಿ ಕಾಡಿಗೆ ಮೊದಲ ಸಲ ಹೋದೆ. ತಲುಪುವಾಗ ಬೆಳಕು ಹರಿದಿತ್ತು. ಪಾರ್ಕಿಂಗ್‌ನಲ್ಲಿ ಒಂದೇ ಟ್ರಕ್, ಗಾಜಿನ ಮೇಲೆ ದಪ್ಪ ಇಬ್ಬನಿ ಹೆಪ್ಪುಗಟ್ಟಿತ್ತು. ಎಷ್ಟೋ ಹೊತ್ತಿಂದ ನಿಂತಿದೆ ಅಂತ ಆಗಲೇ ಅರ್ಥವಾಗಬೇಕಿತ್ತು. ಒಳಗೆ ಹೋದರೆ ಓಕ್ ಮರಕ್ಕೆ ಒರಗಿ ಒಬ್ಬ ಮುದುಕರು ಕೂತಿದ್ದರು. ಹಿರಿಯರನ್ನು ಕಂಡು ಮಾತಾಡಿಸದೆ ಹೋಗೋದು ಹೇಗೆ? ಹತ್ತಿರ ಹೋಗಿ ಮಾತಾಡಿಸಿದೆ. ಮೆಲ್ಲಗೆ ಉತ್ತರ ಕೊಟ್ಟರು. ಒಪ್ಪಿಗೆ ಅಂದುಕೊಂಡು ಮೂವತ್ತು ಹೆಜ್ಜೆ ಆಚೆ ಕೂತೆ. ಸ್ವಲ್ಪ ಹೊತ್ತಿಗೆ ಅವರು ಫ್ಲಾಸ್ಕಿನ ಕಾಫಿಯನ್ನು ಹಿಮದ ಮೇಲೆ ಚೆಲ್ಲಿ, ಕೂತಿದ್ದ ಸ್ಟೂಲ್ ಮಡಚಿಕೊಂಡು ಎದ್ದು ಹೋದರು. ಹಿಮದಲ್ಲಿ ಕಂದು ಬಣ್ಣದ ಒಂದು ತೂತು ಉಳಿಯಿತು.

ಕತ್ತಲೆಯಲ್ಲೇ ಬಂದು ಹಿಡಿದ ಜಾಗ ಅದು, ನೀನು ಅವರ ದಿನ ಕೆಡಿಸಿದೆ ಅಂತ ಸೋಮವಾರ ಆಫೀಸಿನಲ್ಲಿ ಗೆಳೆಯ ಹೇಳಿದ. ನಮ್ಮೂರಿನ ಹಿರಿಯರಾದರೆ ಬೈದು, ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಕಾಡು ಎಲ್ಲರದ್ದೂ ಅಂತ ಇವರು ಸುಮ್ನೆ ಎದ್ದು ಹೋದರು. ಮುಂದಿನ ವರ್ಷ ಕತ್ತಲಲ್ಲೇ ಹೋಗಿ ಅದೇ ಪಾರ್ಕಿಂಗ್‌ನಲ್ಲಿ ಕಾದೆ, ಅದರ ಮುಂದಿನ ವರ್ಷವೂ. ಆ ಟ್ರಕ್ ಬರಲಿಲ್ಲ. ಒಂದು ಕ್ಷಮೆ ಕೇಳಲು ಆಗಲಿಲ್ಲ ಅನ್ನೋದು ಈಗಲೂ ಚುಚ್ಚುತ್ತೆ.

ಅದಕ್ಕೇ ಹೇಳ್ತೇನೆ, ಪಾರ್ಕಿಂಗ್‌ನಲ್ಲಿ ಗಾಡಿ ಕಂಡರೆ ಬೇರೆ ದಾರಿ ಹಿಡಿ. ಎರಡು ಮೂರು ಜಾಗ ಮೊದಲೇ ನೋಡಿಟ್ಟಿರು. ಕತ್ತಲಲ್ಲಿ ಟಾರ್ಚ್ ಹಾಕಿಕೊಂಡೇ ನಡಿ. ಯಾರಾದರೂ ಬೆಳಕು ಮಿನುಗಿಸಿದರೆ ಕೈ ಎತ್ತಿ, ದೂರದಿಂದ ಸುತ್ತಿಕೊಂಡು ಹೋಗು. ಅವರ ಕಣ್ಣಿಗೆ ನೀನು ಬೀಳದಷ್ಟು ದೂರ ಕೂರು. ಖಾಲಿ ಅಟ್ಟಣಿಗೆ ಕಂಡರೂ ಹತ್ತಬೇಡ. ಮಾತು ಬೇಕಾದರೆ ಸಂಜೆ ಪಾರ್ಕಿಂಗ್‌ನಲ್ಲಿ ಆಡು. ಒಬ್ಬರೇ ಜಿಂಕೆ ಎಳೀತಿದ್ದರೆ ಕೈ ಹಾಕು. ಆಗ ಇವರೂ ನಮ್ಮವರ ಹಾಗೇ ಮನಸ್ಸು ಬಿಚ್ಚಿ ಮಾತಾಡ್ತಾರೆ.

ಊರಿಂದ ಕಾಚಂಪುಳಿ, ನಮ್ಮ ಕಪ್ಪು ಹುಳಿ ರಸ, ತಂದಿದ್ದೀಯಾ? ಜಿಂಕೆ ಮಾಂಸಕ್ಕೂ ಚೆನ್ನಾಗಿ ಹಿಡಿಯುತ್ತೆ. ಇಲ್ಲದಿದ್ದರೆ ಹೇಳು, ನನ್ನ ಹತ್ತಿರ ಅರ್ಧ ಬಾಟಲಿ ಇದೆ.